ಬಾಯಮ್ಮನ ಸಿಪಿಆರ್ ನಂಬರು

ನಮ್ಮ ಫೈಲು ವಿಭಾಗದಲ್ಲಿ ಮೇಜಿನ ಗಾಜಿನ ಕೆಳಗೆ ಮಗುವಿನ ಫೋಟೋ ಇಟ್ಟುಕೊಂಡವರೆಲ್ಲ ಮಗುವನ್ನು ಊರಿಗೆ ಕಳಿಸಿದವರು. ಮಗು ಜೊತೆಗಿದ್ದವರಿಗೆ ಫೋಟೋದ ಅಗತ್ಯ ಬೀಳುತ್ತಿರಲಿಲ್ಲ. ಬಹ್ರೇನಿನ ಆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ ವರ್ಷವೇ ನಾನಿದನ್ನು ಗಮನಿಸಿದ್ದೆ. ಹೆರಿಗೆ ರಜೆ ಮುಗಿಸಿ ಬಂದ ಹೆಂಗಸಿಗೆ ನಮ್ಮ ಕಡೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮಗುವನ್ನು ಯಾವಾಗ ಕಳಿಸ್ತಿ?" ಊಟ ಆಯ್ತಾ ಎಂದು ಕೇಳುವಷ್ಟು ಸಲೀಸಾಗಿ ಕೇಳುತ್ತಿದ್ದರು. ಆರು ತಿಂಗಳ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಬಂದು, ಮರುದಿನವೇ ಡ್ಯೂಟಿಗೆ ಹಾಜರಾಗಿ, ಎದೆಹಾಲು ಬತ್ತಲು ಮಾತ್ರೆ ನುಂಗಿ ಫೈಲು ಜೋಡಿಸುತ್ತ ಕೂತವರನ್ನು ನಾನು ಕಂಡಿದ್ದೆ. ಹಾಗಾಗಿ ಮಗಳು ಹುಟ್ಟಿದಾಗ ನಾನು ಹಿಡಿದದ್ದು ಒಂದೇ ಹಟ. ಏನೇ ಆಗಲಿ, ಇವಳನ್ನು ಊರಿಗೆ ಕಳಿಸುವುದಿಲ್ಲ.

ಹಟ ಹಿಡಿಯಲು ಕಾಸು ಬೇಕಿಲ್ಲ. ಹಟ ಉಳಿಸಿಕೊಳ್ಳಲು ಬೇಕು. ನಾನು ಆ ಕೇಂದ್ರದಲ್ಲಿ ಅತ್ಯಂತ ಕೆಳಗಿನ ದರ್ಜೆಯ ಗುಮಾಸ್ತೆ. ನನ್ನ ಗಂಡ ಸಲ್ಮಾಬಾದಿನ ಒಂದು ಗ್ಯಾರೇಜಿನಲ್ಲಿ ಸ್ಟೋರ್ ಕೀಪರ್. ನಾವಿಬ್ಬರೂ ಬೆಳಿಗ್ಗೆ ಏಳಕ್ಕೆ ಮುಂಚೆ ಕೆಲಸಕ್ಕೆ ಹೊರಡುವ ಹಾಗೆ ಮಾಡಿದವಳು ಬಾಯಮ್ಮ.

ಆಕೆಗೆ ಬೇರೆ ಹೆಸರಿತ್ತು, ಆದರೆ ಮಂಗಳೂರು ಕಡೆಯ ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಕರೆಯುವ ಹಾಗೆ ಎಲ್ಲರಿಗೂ ಆಕೆ ಬಾಯಮ್ಮನೇ. ಮನಾಮಾದ ಸೂಕು ಎನ್ನುವ ಹಳೆಯ ಪೇಟೆಯ ಹಿಂದೆ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಗಂಡ ಒಂದು ಕಂಪನಿಯ ಡ್ರೈವರ್. ಆರಕ್ಕೆ ಮೊದಲೇ ಬಾಗಿಲು ತೆರೆದಿರುತ್ತಿತ್ತು. ಒಳಗೆ ಚಾಪೆಯ ಮೇಲೆ ಸಾಲಾಗಿ ಆರು ಮಕ್ಕಳು. ಕಿಟಕಿಯ ಸರಳಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಐದು ತಿಂಗಳ ಒಂದು ಕೂಸು. ಹತ್ತು ಗಂಟೆಗೆ ಎಲ್ಲರಿಗೂ ಗಂಜಿ, ಅದಕ್ಕೆ ಒಂದಿಷ್ಟು ತುಪ್ಪ. ನನ್ನ ಮಗಳು ಎರಡು ವರ್ಷಕ್ಕೆ ನೀರಿಗೆ 'ಉದಕ್' ಎಂದು ಕೊಂಕಣಿಯಲ್ಲಿ ಹೇಳುತ್ತಿದ್ದಳು, ಜಗಳಕ್ಕೆ ತುಳು ಬಳಸುತ್ತಿದ್ದಳು. ಶುಚಿ, ಶಿಸ್ತು, ಪುಸ್ತಕ, ಆಟಿಕೆ ಎಂದು ಯಾರಾದರೂ ಪಟ್ಟಿ ಹಿಡಿದು ಬಂದಿದ್ದರೆ ಬಾಯಮ್ಮನ ಮನೆ ನಪಾಸಾಗುತ್ತಿತ್ತು. ಆದರೆ ಅಲ್ಲಿ ಅಳುವ ಮಗುವನ್ನು ಯಾರೂ ಅಳಲು ಬಿಡುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

2008–09ರ ಸುಮಾರಿಗೆ ಕಟ್ಟಡದ ಬಾಡಿಗೆ ಏರಿತು. ಬಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ತಾನೇ ತಪ್ಪು ಮಾಡಿದವಳ ಹಾಗೆ, ಇನ್ನು ಮೇಲೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ ಎಂದಳು. ಅದೇ ಹೊತ್ತಿಗೆ ನನ್ನ ಗಂಡನ ಓವರ್‌ಟೈಮ್ ನಿಂತಿತ್ತು. ಅವನು ಹಳೆಯ ರಾಗ ತೆಗೆದ. "ಅಮ್ಮ ಇದ್ದಾರಲ್ಲ ಕುಂದಾಪುರದಲ್ಲಿ. ಎರಡು ವರ್ಷ ಅಲ್ಲಿ ಇರ್ಲಿ. ಎಲ್ಲರೂ ಕಳಿಸ್ತಾರೆ, ನಿನಗೊಬ್ಬಳಿಗೆ ಎಂತ?"

"ಎಲ್ಲರೂ ಕಳಿಸ್ತಾರೆ ಅಂತಲೇ ನಾನು ಕಳಿಸುದಿಲ್ಲ" ಎಂದೆ. ಆಗ ನನ್ನ ನಾಲಿಗೆ ಬಹಳ ಚುರುಕಾಗಿತ್ತು.

ಆ ದಿನಗಳಲ್ಲೇ ಮೇಲಿನ ಆಫೀಸಿನಿಂದ ಸುತ್ತೋಲೆ ಬಂತು. ಅರಬಿಯಲ್ಲಿತ್ತು. ನನ್ನ ಪಕ್ಕದ ಮೇಜಿನವಳು ಹಮದ್ ಟೌನಿನ ಬಹ್ರೇನಿ ಹೆಂಗಸು, ನನ್ನದೇ ದರ್ಜೆಯವಳು, ನಾಲ್ಕು ಮಕ್ಕಳ ತಾಯಿ. ನಮ್ಮ ಜೊತೆ ಅವಳು ಮಾತಾಡುತ್ತಿದ್ದುದು ಸೂಕಿನ ಹಿಂದಿಯಲ್ಲಿ. ಸುತ್ತೋಲೆ ಓದಿ ನನ್ನತ್ತ ತಿರುಗಿ ಕಣ್ಣು ಅರಳಿಸಿದಳು. "ಬಚ್ಚಾ ಕಾ ಪೈಸಾ ದೇಗಾ. ನರ್ಸರಿ ಕಾ. ಛೋಟಾ ಗ್ರೇಡ್ ಸಬ್ ಕೋ ಮಿಲೇಗಾ. ಬಹ್ರೇನಿ, ಅಜ್ನಬಿ, ಸಬ್." ಅಜ್ನಬಿ ಎಂದರೆ ನಾವು, ಹೊರಗಿನವರು. ಕೆಳ ದರ್ಜೆಯ ನೌಕರರು ಮಕ್ಕಳನ್ನು ನೋಡಿಕೊಳ್ಳಲು ಕೊಡುವ ಹಣದಲ್ಲಿ ಅರ್ಧವನ್ನು ಇಲಾಖೆ ಭರಿಸುತ್ತದೆ ಎಂದಿತ್ತು ಅದರಲ್ಲಿ. ನಾನು ಆ ಕಾಗದವನ್ನು ಎರಡು ಸಲ ಅವಳಿಂದ ಓದಿಸಿದೆ. ಅರ್ಧ ಸಿಕ್ಕಿದರೆ ಸಾಕು, ಗಂಡನ ಬಾಯಿಯೂ ಮುಚ್ಚುತ್ತದೆ, ಮಗಳೂ ಉಳಿಯುತ್ತಾಳೆ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ ಎಂದು ನೆನಪು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಫಾರ್ಮು ಕೈಗೆ ಬಂದಾಗ ಗೊತ್ತಾಯಿತು. ನರ್ಸರಿಯ ಹೆಸರು, ನರ್ಸರಿಯ ನೋಂದಣಿ ನಂಬರು, ಸೀಲು ಹಾಕಿದ ರಸೀದಿ. ಬಾಯಮ್ಮನ ಹತ್ತಿರ ಈ ಮೂರೂ ಇರಲಿಲ್ಲ. ಇದ್ದದ್ದು ಚಾಪೆ ಮತ್ತು ಗಂಜಿ.

ಒಂದು ದಿನ ರಜೆ ಹಾಕಿ ಈಸಾ ಟೌನಿನ ಎರಡು ನರ್ಸರಿ ನೋಡಿ ಬಂದೆ. ಗೋಡೆಯ ತುಂಬ ಬಣ್ಣದ ಆನೆ, ಜಿರಾಫೆ. ಗೊಂಬೆಗೆ ಮಾಡಿಸಿದಂಥ ಸಣ್ಣ ಕುರ್ಚಿಗಳು. ಬಾಗಿಲು ತೆರೆಯುವುದು ಏಳೂವರೆಗೆ, ಮುಚ್ಚುವುದು ಒಂದಕ್ಕೆ. ನನ್ನ ಡ್ಯೂಟಿ ಏಳರಿಂದ ಎರಡೂಕಾಲು. ಅಲ್ಲಿಯ ಫೀಸು ಕೇಳಿದ ಮೇಲೆ ಅರ್ಧವನ್ನು ಇಲಾಖೆ ಕೊಟ್ಟರೂ ಉಳಿದ ಅರ್ಧ ನನ್ನ ಕೈಗೆ ಎಟಕುವುದಿಲ್ಲ ಎಂದು ಅರಿವಾಯಿತು. ಕೆಳ ದರ್ಜೆಯವರಿಗೆಂದು ಇಟ್ಟ ನೆರವು ಪಡೆಯಲು ಮೇಲ್ದರ್ಜೆಯ ಸಂಬಳ ಬೇಕು. ಈ ನಿಯಮ ಬರೆದವನ ಮಕ್ಕಳನ್ನು ಮನೆಯಲ್ಲಿ ಆಳು ನೋಡಿಕೊಳ್ಳುತ್ತಿದ್ದಿರಬೇಕು. ಇಲ್ಲವಾದರೆ ನರ್ಸರಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಅವನು ಒಮ್ಮೆಯಾದರೂ ನೋಡುತ್ತಿದ್ದ.

ನನಗೆ ಸಿಟ್ಟು ಬಂದರೆ ಬುದ್ಧಿ ಓಡುತ್ತದೆ, ಆದರೆ ದಾರಿ ನೋಡಿ ಓಡುವುದಿಲ್ಲ. ಗಲ್ಫಿಗೆ ಬಂದ ನಮ್ಮವರು ಕಲಿಯುವ ಮೊದಲ ಪಾಠ, ಸೀಲಿಲ್ಲದ ಕಾಗದ ಪೊಟ್ಟಣ ಕಟ್ಟಲಿಕ್ಕೆ ಮಾತ್ರ ಲಾಯಕ್ಕು ಎಂಬುದು. ಸೀಲಿದ್ದರೆ ಹತ್ತು ಬಾಗಿಲು ತೆರೆಯುತ್ತವೆ. ಸೂಕಿನಲ್ಲಿ ಸೀಲು ಮಾಡಿಕೊಡುವ ಅಂಗಡಿಗಳು ಸಾಲಾಗಿದ್ದವು, ಅಂಗಡಿಯವನು ಏನೂ ಕೇಳುತ್ತಿರಲಿಲ್ಲ. ನಾನೂ ನನ್ನ ಗಂಡನೂ ಒಂದು ಶುಕ್ರವಾರ ಹೋಗಿ ಗುಂಡಗಿನ ಒಂದು ಸೀಲು ಮಾಡಿಸಿದೆವು. ನಡುವೆ ಒಂದು ಹೂವು, ಸುತ್ತ ಇಂಗ್ಲಿಷಿನಲ್ಲಿ 'ಚೈಲ್ಡ್ ಕೇರ್, ಮನಾಮಾ'. ಹೂವಿನ ಉಪಾಯ ನನ್ನದು.

ಬಾಯಮ್ಮ ಆ ಸೀಲನ್ನು ಅಂಗೈಯಲ್ಲಿಟ್ಟು ನೋಡಿದಳು. "ಇದೆಲ್ಲ ಬೇಕಾ ಮಾರಾಯ್ತಿ? ನಂದು ಫ್ಯಾಮಿಲಿ ವೀಸಾ. ಕೆಲಸ ಮಾಡ್ಲಿಕ್ಕಿಲ್ಲ ಅಂತ ಅದ್ರಲ್ಲೇ ಬರ್ದುಂಟು."

"ಇದು ಕೆಲಸ ಅಲ್ಲ ಬಾಯಮ್ಮ. ರಸೀದಿ ಮಾತ್ರ. ನನ್ನ ಆಫೀಸಿಗೆ ಹೋಗ್ತದೆ, ಅಲ್ಲೇ ಫೈಲಿನಲ್ಲಿ ಮಲಗ್ತದೆ. ಫೈಲು ಇಡುವವಳೇ ನಾನು."

"ಪೊಲೀಸು ಗಿಲೀಸು ಬರುದಿಲ್ಲಲ್ಲ?"

"ಮಗುವಿನ ಹಾಲಿನ ದುಡ್ಡಿಗೆ ಯಾರು ಪೊಲೀಸು ಕಳಿಸ್ತಾರೆ?"

ಅವಳು ಜೋಲಿಯನ್ನು ಒಮ್ಮೆ ತೂಗಿದಳು. "ನೀನು ಓದಿದವಳು. ನಿಂಗೆ ಗೊತ್ತುಂಟಲ್ಲ. ನೀನು ಹೇಳಿದ್ರೆ ಆಯ್ತು" ಎಂದು ಸಹಿ ಹಾಕಿದಳು. ಸೀಲನ್ನು ಒತ್ತಿದವಳು ನಾನು.

ಉಳಿದದ್ದು ನೋಂದಣಿ ನಂಬರಿನ ಖಾನೆ. ಖಾಲಿ ಬಿಟ್ಟ ಖಾನೆ ಕಂಡರೆ ನಮಗೆ ಆಗುವುದಿಲ್ಲ. ಊರಿನ ತಾಲ್ಲೂಕು ಆಫೀಸಿನಲ್ಲಿ ಒಂದು ಖಾನೆ ಖಾಲಿಯಿದ್ದರೆ ಆ ನೆಪದಲ್ಲಿ ಮೂರು ಸಲ ಓಡಾಡಿಸಿದ ಅನುಭವ ನಮ್ಮ ರಕ್ತದಲ್ಲಿದೆ. ಬಹ್ರೇನಿನಲ್ಲೋ, ಸಿಮ್ ಕೊಳ್ಳಲಿ, ಡಾಕ್ಟರನ್ನು ನೋಡಲಿ, ಊರಿಗೆ ದುಡ್ಡು ಕಳಿಸಲಿ, ನಂಬರು ಎಂದು ಯಾರು ಕೇಳಿದರೂ ಅದು ಸಿಪಿಆರ್ ನಂಬರು, ಇಲ್ಲಿಯ ಗುರುತಿನ ಚೀಟಿಯದು. ನಮಗದು ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಾಯಿಪಾಠ. ನಂಬರು ಎಂದು ಬರೆದ ಖಾನೆಯಲ್ಲಿ ಸಿಪಿಆರ್ ತುಂಬಿದರೆ ಯಾವ ಕೌಂಟರಿನವನೂ ತಕರಾರು ಮಾಡುವುದಿಲ್ಲ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದೆವು. ಬಾಯಮ್ಮನ ಚೀಟಿ ಇಸಿದುಕೊಂಡು, ಒಂಬತ್ತು ಅಂಕಿಗಳನ್ನು ನೋಂದಣಿ ನಂಬರಿನ ಖಾನೆಯಲ್ಲಿ ಮುದ್ದಾಗಿ ಬರೆದೆ. ಅಷ್ಟಕ್ಕೇ ಬಿಡದೆ ಚೀಟಿಯ ಜೆರಾಕ್ಸನ್ನೂ ಲಗತ್ತಿಸಿದೆ. ಕಾಗದ ಹೆಚ್ಚಿದ್ದಷ್ಟೂ ಕೆಲಸ ಬೇಗ ಎನ್ನುವುದೂ ಊರಿನ ಪಾಠವೇ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ನಾನು ಇರುವೆಯನ್ನು ಬೇರೆಯವರ ಮನೆಗೆ ಬಿಟ್ಟೆ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಾಯಮ್ಮನ ಫೋನು. "ಬೇಗ ಬಾ. ಮಗುವನ್ನು ತಕೊಂಡು ಹೋಗು" ಎಂದಷ್ಟೇ ಹೇಳಿ ಇಟ್ಟಳು. ನಾನು ಟ್ಯಾಕ್ಸಿ ಹಿಡಿದು ಹೋದೆ.

ಮೂರನೇ ಮಹಡಿಯ ಬಾಗಿಲಲ್ಲಿ, ತಪಾಸಣೆಗೆ ಬಂದ, ಕಪ್ಪು ನಿಲುವಂಗಿ ಅಬಾಯಾ ತೊಟ್ಟ ಇಬ್ಬರು ಹೆಂಗಸರು ಕೈಯಲ್ಲಿ ಫೈಲು ಹಿಡಿದು ನಿಂತಿದ್ದರು. ಗದರಿಸಲಿಲ್ಲ, ಕೂಗಾಡಲಿಲ್ಲ. ಒಬ್ಬಳು ಜೋಲಿಯ ಕೂಸಿನ ಕೆನ್ನೆ ಮುಟ್ಟಿ 'ಮಾಶಾಅಲ್ಲಾ' ಎಂದಳು. ಇನ್ನೊಬ್ಬಳು ಮಕ್ಕಳನ್ನು ಎಣಿಸಿ ಬರೆದುಕೊಂಡಳು. ಪರವಾನಗಿ ಇಲ್ಲದ ನರ್ಸರಿ, ಇವತ್ತಿನಿಂದ ಒಂದು ಮಗುವೂ ಇಲ್ಲಿ ಇರಕೂಡದು ಎಂದು ಬರೆದ ಕಾಗದಕ್ಕೆ ಬಾಯಮ್ಮ ಸಹಿ ಹಾಕುತ್ತಿದ್ದಳು. ಫೈಲಿನ ಮೊದಲ ಹಾಳೆ ಬಾಗಿಲಿಗೇ ಕಾಣುತ್ತಿತ್ತು. ನೀಲಿ ಮಸಿಯ ಗುಂಡಗಿನ ಸೀಲು, ನಡುವೆ ಹೂವು.

ಅವರು ಇಳಿದುಹೋದ ಮೇಲೆ ಮೆಟ್ಟಿಲ ಮೇಲೆ ನಾವು ತಾಯಂದಿರು ಉಳಿದೆವು. ಎಲ್ಲರೂ ಕೆಲಸದ ಜಾಗದಿಂದ ಹಾಗೇ ಓಡಿ ಬಂದವರು. ಜೋಲಿಯ ಕೂಸಿನ ತಾಯಿ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ಹುಡುಗಿ, ಯೂನಿಫಾರಮ್ಮಿನಲ್ಲೇ ಇದ್ದಳು. ಉಗುರಿನ ಬಣ್ಣದ ವಾಸನೆ ಅವಳ ಸುತ್ತ ಹಬ್ಬಿತ್ತು. ಅವಳೇ ಮೊದಲು ಕೇಳಿದ್ದು. "ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಗೊತ್ತಾಯ್ತು ಅವ್ರಿಗೆ? ಯಾರು ಹೇಳಿದ್ದು?"

ಬಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಒಂದು ಗಳಿಗೆ ನನ್ನ ಮುಖ ನೋಡಿದಳು. ಬರೀ ಒಂದು ಗಳಿಗೆ. ನಾನು ಮಗಳ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದೆ.

"ಯಾರೋ ಬಿಲ್ಡಿಂಗಿನವ್ರು ಕಂಪ್ಲೇಂಟ್ ಕೊಟ್ಟದ್ದಂತೆ" ಎಂದಳು ಬಾಯಮ್ಮ. "ಮಕ್ಕಳ ಗಲಾಟೆ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನೇ ನನಗಿಂತ ಪ್ರಾಮಾಣಿಕ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಎದ್ದು ನಿಂತು, "ಹೌದಾ? ಎಂಥ ಜನ!" ಎಂದೆ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ, ಆದರೆ ನಾನು ಹೇಳಿದ್ದು ಅದನ್ನೇ. ಬಾಯಮ್ಮ ನನ್ನನ್ನು ಉಳಿಸಿದಳು ಎಂದುಕೊಂಡು ಮನೆಯವರೆಗೂ ಅವಳನ್ನು ಮನಸ್ಸಿನಲ್ಲೇ ಹರಸಿದೆ. ಗಂಡನಿಗೆ ಹೇಳಿದಾಗ ಅವನು ಬಾಗಿಲು ಹಾಕಿ ಬಂದು ಕೂತ. "ಯಾರ ಹತ್ರವೂ ಬಾಯಿ ಬಿಡ್ಬೇಡ. ಹೇಳಿದ್ರೆ ಬಾಗಿಲು ತೆರೀತಾರಾ?" ಎಂದ. ಅವನು ಕುಂದಾಪುರಕ್ಕೆ ಫೋನು ಮಾಡಿದ್ದೂ ಆಗಲೇ.

ಮೂರು ದಿನ ಮಗಳನ್ನು ಆಫೀಸಿಗೆ ಕರೆದೊಯ್ದೆ. ಹಳೆಯ ಫೈಲಿನ ಕಪಾಟುಗಳ ಹಿಂದೆ ಚಾದರ ಹಾಸಿ ಕೂರಿಸಿದೆ. ಪಕ್ಕದ ಮೇಜಿನವಳು ಅವಳಿಗೆ ಖರ್ಜೂರ ತಿನ್ನಿಸಿದಳು, ಮೇಲಧಿಕಾರಿ ಬಂದಾಗ ತನ್ನ ಅಬಾಯಾ ಅಡ್ಡ ಹಿಡಿದು ನಿಂತಳು. ಮೂರನೆಯ ದಿನ ಮಗಳು ಯಾರದೋ ಫೈಲಿನ ಮೇಲೆ ಉಚ್ಚೆ ಹೊಯ್ದಳು. ಮೇಲಧಿಕಾರಿ ಒಳ್ಳೆಯವನೇ, ನಾಳೆಯಿಂದ ತರಬೇಡಿ ಎಂದು ಮೆಲ್ಲಗೆ ಹೇಳಿದ.

ಅದೇ ವಾರ ನನ್ನ ಅರ್ಜಿ ತಿರುಗಿ ಬಂತು. ನೋಂದಾಯಿತ ನರ್ಸರಿಯ ದಾಖಲೆಯೊಂದಿಗೆ ಮತ್ತೆ ಸಲ್ಲಿಸಬಹುದು ಎಂದು ವಿನಯದಿಂದ ಬರೆದಿದ್ದರು. ಪಕ್ಕದ ಮೇಜಿನವಳು ಅದನ್ನು ಓದಿ, ನನ್ನ ಫಾರ್ಮನ್ನು ತಿರುವಿ, ನಂಬರಿನ ಖಾನೆಯ ಮೇಲೆ ಬೆರಳಿಟ್ಟಳು. "ಯೇ ಕ್ಯಾ ಲಿಖಾ? ಇಸ್ ಮೇ ಉಸ್ ಕಾ ಘರ್ ಹೈ, ಬಿಲ್ಡಿಂಗ್, ರೋಡ್, ಸಬ್. ಕಂಪ್ಯೂಟರ್ ಮೇ ಡಾಲಾ, ಸೀದಾ ಘರ್." ಸಿಪಿಆರ್ ನಂಬರನ್ನು ಕಂಪ್ಯೂಟರಿಗೆ ಹಾಕಿದರೆ ಸಾಕು, ಮನೆ, ಕಟ್ಟಡ, ರಸ್ತೆ ಎಲ್ಲ ಸಿಗುತ್ತದಂತೆ. ಆಮೇಲೆ ನನ್ನ ಮುಖ ನೋಡಿ ಅಕ್ಕರೆಯಿಂದ ದನಿ ತಗ್ಗಿಸಿದಳು. "ಖಾಲಿ ಛೋಡ್ನಾ ಥಾ, ಹಬೀಬ್ತಿ. ಫಾರ್ಮ್ ವಾಪಸ್ ಆತಾ, ಬಸ್." ಖಾಲಿ ಬಿಟ್ಟಿದ್ದರೆ ಅರ್ಜಿ ವಾಪಸು ಬರುತ್ತಿತ್ತು, ಅಷ್ಟೇ. ಏಳು ಮಕ್ಕಳ ಏಳು ಮನೆ ಮನೆಯಾಗಿಯೇ ಇರುತ್ತಿದ್ದವು. ಅವಳ ಮಕ್ಕಳನ್ನು ಅವಳ ತಾಯಿ ನೋಡಿಕೊಳ್ಳುತ್ತಿದ್ದಳು. ತಾಯಿಯ ಕೈಗೆ ನೋಂದಣಿ ನಂಬರಿಲ್ಲ ಎಂದು ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ನಾನು ಅವಳಿಗಿಂತ ಬುದ್ಧಿವಂತೆ ಎಂದುಕೊಂಡಿದ್ದೆ.

ತಿಂಗಳೊಳಗೆ ಎಲ್ಲ ತಾಯಂದಿರೂ ಒಂದೊಂದು ದಾರಿ ಕಂಡುಕೊಂಡರು. ದಾರಿ ಎಂದರೆ ಏನು, ಇಬ್ಬರು ಕೆಲಸ ಬಿಟ್ಟರು, ಒಬ್ಬಳು ಮಗುವನ್ನು ಕರೆದುಕೊಂಡು ತಾನೇ ಊರಿಗೆ ಹೋದಳು, ಉಳಿದವರು ಮಕ್ಕಳನ್ನು ಕಳಿಸಲು ನಿಂತರು. ಬಾಯಮ್ಮನೂ ಹೊರಟಳು. ವಿಷಯ ಗಂಡನ ಕಂಪನಿಯವರ ಕಿವಿಗೆ ಬಿದ್ದಿತ್ತು. ಅವನ ಕೆಲಸಕ್ಕೆ ಕುತ್ತು ಬರುವ ಮೊದಲು ತಾನೇ ಜಾಗ ಖಾಲಿ ಮಾಡುತ್ತೇನೆ ಎಂದಳಂತೆ. ಆ ಹೊತ್ತಿಗೆ ಮಂಗಳೂರಿಗೆ ಹೊರಟವಳು ಅವಳೊಬ್ಬಳೇ ಆದ್ದರಿಂದ ಮೂವರು ತಾಯಂದಿರು ಮಕ್ಕಳನ್ನು ಅವಳ ಜೊತೆ ಕಳಿಸುವುದೆಂದಾಯಿತು. ಆ ಮೂರರಲ್ಲಿ ಒಂದು ಜೋಲಿಯ ಕೂಸು. ಇನ್ನೊಂದು ನನ್ನ ಮಗಳು.

ಕೇಳಿಕೊಳ್ಳಲು ನಾನೇ ಹೋದೆ. ಬಾಯಮ್ಮ ಪೆಟ್ಟಿಗೆ ಕಟ್ಟುತ್ತಿದ್ದಳು. ಚಾಪೆಗಳನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದ್ದಳು. ಮಗಳ ವಿಷಯ ಎತ್ತುವ ಮೊದಲು ನನಗೆ ತಡೆಯಲಾಗಲಿಲ್ಲ.

"ಬಾಯಮ್ಮ, ಅದು ನನ್ನ ಅರ್ಜಿಯಿಂದ ಆದದ್ದು. ನಿಮ್ಮ ನಂಬರನ್ನು ನಾನೇ ಬರೆದೆ."

"ಗೊತ್ತುಂಟು" ಎಂದಳು ಬಟ್ಟೆ ಮಡಚುವುದನ್ನು ನಿಲ್ಲಿಸದೆ. "ಆ ಹೆಂಗಸು ನಂಗೆ ಕಾಗದ ತೋರ್ಸಿದ್ದಲ್ವಾ."

"ಮತ್ತೆ ನೀವು ಬಿಲ್ಡಿಂಗಿನವ್ರು ಅಂದದ್ದು? ನನ್ನನ್ನು ಉಳಿಸ್ಲಿಕ್ಕೆ..."

ಅವಳು ಆಗ ಕೈ ನಿಲ್ಲಿಸಿದಳು. "ನಿನ್ನ ಉಳಿಸ್ಲಿಕ್ಕಲ್ಲ. ಅಷ್ಟು ಜನರ ಮುಂದೆ ನಾನು ನಿನ್ನ ಹೆಸರು ಹೇಳುದು ಚಂದ ಅಲ್ಲ ಅಂತ. ನೀನೇ ಹೇಳ್ತಿ ಅಂತ ಕಾದೆ. ನೀನು ಚಪ್ಪಲಿ ಕಟ್ಟಿದಿ."

ನಾನು ಅಳತೊಡಗಿದೆ. ಅಳು ಬಹಳ ಸುಲಭದ ಕೆಲಸ, ಮಾಡಿಬಿಟ್ಟೆ.

"ಈಗ ನಂಗೆ ಹೇಳಿ ಎಂತ ಪ್ರಯೋಜನ?" ಎಂದಳು. "ಅವ್ರಿಗೆ ಹೇಳು. ಕೂಸನ್ನು ಕಳಿಸ್ತಾಳಲ್ಲ ಆ ಹುಡುಗಿ, ಅವಳಿಗೆ ಹೇಳು. ಪಾಪ, ಕಂಪ್ಲೇಂಟ್ ಕೊಟ್ಟದ್ದು ಅವ್ರೇ ಅಂತ ಕೆಳಗಿನ ಮನೆಯವ್ರ ಜೊತೆ ದಿನಾ ಜಗಳ ಆಡ್ತಾ ಇದ್ದಾಳೆ." ಮತ್ತೆ ಬಟ್ಟೆ ಮಡಚುತ್ತಾ, "ಮಗಳದ್ದು ಬಟ್ಟೆ ಒಂದು ಬ್ಯಾಗಲ್ಲಿ ಹಾಕಿ ಕೊಡು. ಮಗು ಎಂತ ಮಾಡಿದೆ, ಪಾಪ" ಎಂದಳು. ನಾನು ಕೇಳುವುದು ಬಾಕಿಯಿತ್ತು, ಅವಳು ಕೊಟ್ಟೂ ಆಗಿತ್ತು.

ಮಧ್ಯಾಹ್ನದ ವಿಮಾನ. ವಿಮಾನ ನಿಲ್ದಾಣದಲ್ಲಿ ನಾವು ಮೂವರು ತಾಯಂದಿರೂ ಗಂಡಂದಿರೂ ನಿಂತಿದ್ದೆವು. ಬಾಯಮ್ಮ ಉಳಿದಿಬ್ಬರ ಕೈ ಹಿಡಿದು ಏನೇನೋ ಸಮಾಧಾನ ಹೇಳಿದಳು. ನನ್ನ ಹತ್ತಿರ ಬಂದು, "ಜ್ವರ ಬಂದ್ರೆ ಎಷ್ಟು ಚಮಚ?" ಎಂದು ಕೇಳಿದಳು. ಅರ್ಧ ಎಂದೆ. ತಲೆಯಾಡಿಸಿ ತಿರುಗಿದಳು. ಒಂದು ಕೂಸು ಹೆಗಲ ಮೇಲೆ, ಒಂದು ಮಗು ಸೆರಗು ಹಿಡಿದು, ನನ್ನ ಮಗಳು ಅವಳ ಕಿರುಬೆರಳು ಹಿಡಿದು. ಮಗಳು ಅಳಲಿಲ್ಲ. ಬಾಯಮ್ಮನ ಜೊತೆ ಹೋಗುವುದು ಅವಳಿಗೆ ದಿನದ ಅಭ್ಯಾಸ, ಅದರಲ್ಲಿ ಅಳುವಂಥದ್ದೇನೂ ಇರಲಿಲ್ಲ. ತಿರುಗಿಯೂ ನೋಡದೆ ಗಾಜಿನ ಬಾಗಿಲು ದಾಟಿದಳು.

ಪಾರ್ಲರಿನ ಹುಡುಗಿ ಅಲ್ಲೇ ನೆಲಕ್ಕೆ ಕುಸಿದಳು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ನಾನು ಪಕ್ಕದಲ್ಲಿ ಕೂತು ಅವಳನ್ನು ತಬ್ಬಿಕೊಂಡೆ. ಹೇಳಬೇಕೆಂದೇ ಬಂದಿದ್ದೆ. ದಾರಿಯುದ್ದಕ್ಕೂ ಕಾರಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವಳು ನನ್ನ ಹೆಗಲಿಗೆ ಮುಖ ಒತ್ತಿ ಬಿಕ್ಕುತ್ತಾ ಹೇಳಿದಳು.

"ಆ ಕಂಪ್ಲೇಂಟ್ ಕೊಟ್ಟವಳು ಯಾರೇ ಆಗ್ಲಿ ಅಕ್ಕ, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಅವಳನ್ನು ಅಮ್ಮ ಅಂತ ಕರೀದೇ ಇರ್ಲಿ. ನೀವೂ ಹೇಳಿ ಅಕ್ಕ. ನಿಮ್ಮದೂ ಹೋಯ್ತಲ್ಲ."

ನಾನು ಅವಳ ಬೆನ್ನು ಸವರಿದೆ. "ಹೌದು" ಎಂದೆ. "ಕರೀದೇ ಇರ್ಲಿ."